ಹಾಳೆಯ ಅಂಚಿನ ಗೀಚುಗಳ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀನಿವಾಸ,

ನಿನ್ನ ಪತ್ರವೂ ಅದರ ಜೊತೆಗಿದ್ದ ಹಾಳೆಯ ಫೋಟೊವೂ ತಲುಪಿದವು. ನಿಮ್ಮ ಕಚೇರಿಯ ತರಬೇತಿ ಶಿಬಿರದಲ್ಲಿ ಎಲ್ಲರ ಟಿಪ್ಪಣಿ ಹಾಳೆಗಳನ್ನು ಕೇಳಿ ಪಡೆದು, ಅಂಚಿನಲ್ಲಿ ಗೀಚಿದ್ದನ್ನು ನೋಡಿ ಒಬ್ಬೊಬ್ಬರ ಸ್ವಭಾವ ಹೇಳಿದ ತರಬೇತುದಾರರು ನಿನ್ನ ಪಾಲಿಗೆ ‘ಮುಚ್ಚಿದ ಮನಸ್ಸು, ಬದಲಾವಣೆಯ ಭಯ, ಅದುಮಿಟ್ಟ ಕೋಪ’ ಎಂದು ತೀರ್ಪು ಕೊಟ್ಟರೆಂದೂ, ಸಹೋದ್ಯೋಗಿಗಳ ಎದುರು ಅದನ್ನು ಕೇಳಿಸಿಕೊಂಡ ಮೇಲೆ ಸಭೆಯಲ್ಲಿ ಪೆನ್ನು ಹಿಡಿಯುವುದಕ್ಕೇ ಮುಜುಗರವಾಗುತ್ತಿದೆಯೆಂದೂ ಬರೆದಿದ್ದೀಯ. ಇಷ್ಟು ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವನು ಎಂಬ ಕಾರಣಕ್ಕೆ ನನ್ನನ್ನು ಕೇಳಿದ್ದೀಯ. ಮಗಳ ನೋಟ್‌ಬುಕ್ಕಿನ ವಿಷಯವನ್ನೂ ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಆ ತೀರ್ಪಿನ ಒಂದು ಮಾತಿಗೂ ನಿನ್ನ ಹಾಳೆ ಸಾಕ್ಷಿಯಾಗಲಾರದು. ಹಾಗೆಂದು ಆ ಹಾಳೆ ಏನನ್ನೂ ಹೇಳುವುದಿಲ್ಲ ಎನ್ನುವುದಕ್ಕೂ ನಾನು ಸಿದ್ಧನಿಲ್ಲ. ಅದು ಹೇಳುವುದು ಬೇರೆಯದೇ ಸಂಗತಿಯನ್ನು.

ನಿನಗಾದದ್ದು ದೊಡ್ಡ ದೊಡ್ಡವರಿಗೂ ಆಗಿದೆ. 2005ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ವಿಶ್ವ ಆರ್ಥಿಕ ವೇದಿಕೆಯ ಸಮಾವೇಶ ನಡೆದಾಗ, ಬ್ರಿಟನ್ನಿನ ಅಂದಿನ ಪ್ರಧಾನಿ ಟೋನಿ ಬ್ಲೇರ್ ಪಾಲ್ಗೊಂಡಿದ್ದ ಪತ್ರಿಕಾಗೋಷ್ಠಿ ಮುಗಿದ ಮೇಲೆ ಗೀಚಿದ ಹಾಳೆಯೊಂದು ಪತ್ರಕರ್ತರ ಕೈಗೆ ಸಿಕ್ಕಿತು. ಅದರ ತುಂಬ ಚೌಕಗಳು, ತ್ರಿಕೋನಗಳು, ಸುತ್ತು ಹಾಕಿದ ಪದಗಳು. ಅಲ್ಲಿನ ಪತ್ರಿಕೆಗಳು ಅದನ್ನು ಬ್ಲೇರ್ ಅವರದೆಂದೇ ನಂಬಿ ಕೈಬರಹ ತಜ್ಞರಿಗೆ ತೋರಿಸಿದವು. ಇವರ ಮನಸ್ಸು ಒಂದೆಡೆ ನಿಲ್ಲುತ್ತಿಲ್ಲ, ಇವರು ವಿಪರೀತ ಒತ್ತಡದಲ್ಲಿದ್ದಾರೆ, ಹುಟ್ಟು ನಾಯಕನ ಲಕ್ಷಣ ಇವರಲ್ಲಿಲ್ಲ ಎಂಬ ಅರ್ಥದ ವಿಶ್ಲೇಷಣೆಗಳು ಅಚ್ಚಾದವು. ಕೆಲವೇ ದಿನಗಳಲ್ಲಿ ಪ್ರಧಾನಿಯ ಕಚೇರಿ ಸ್ಪಷ್ಟನೆ ಕೊಟ್ಟಿತು: ಹಾಳೆ ಬ್ಲೇರ್ ಅವರದಲ್ಲ, ಅದೇ ಗೋಷ್ಠಿಯಲ್ಲಿದ್ದ ಬಿಲ್ ಗೇಟ್ಸ್ ಅವರದು. ಮೈಕ್ರೋಸಾಫ್ಟ್ ಕಟ್ಟಿದ ಮನುಷ್ಯನಲ್ಲಿ ನಾಯಕತ್ವದ ಲಕ್ಷಣವಿಲ್ಲ ಎಂದು ಆ ಮೇಲೆ ಯಾರೂ ಬರೆದಂತೆ ಕಾಣೆ. ಆ ತಜ್ಞರು ಸುಳ್ಳು ಹೇಳಿದರು ಎಂದು ನನಗನ್ನಿಸುವುದಿಲ್ಲ. ಇರಾಕ್ ಯುದ್ಧದ ಟೀಕೆ ಮತ್ತು ಎದುರಿಗಿದ್ದ ಚುನಾವಣೆ, ಇವುಗಳ ನಡುವೆ ಸಿಕ್ಕಿಕೊಂಡ ಬ್ಲೇರ್ ಬಗ್ಗೆ ಅವರಿಗೆ ಮೊದಲೇ ಗೊತ್ತಿದ್ದದ್ದು ಗೆರೆಗಳಲ್ಲಿ ಕಂಡಿತು, ಅಷ್ಟೆ. ನಿನ್ನ ತರಬೇತುದಾರರೂ ಹಾಳೆ ಕೇಳುವ ಮೊದಲೇ ಹಿಂದಿನ ಸಾಲಿನಲ್ಲಿ ತುಟಿ ಬಿಗಿದುಕೊಂಡು ಕುಳಿತಿದ್ದ ನಿನ್ನನ್ನು ನೋಡಿದ್ದರು ಎಂಬುದನ್ನು ಮರೆಯಬೇಡ. ಪಕ್ಕದವರ ಹಾಳೆಯನ್ನು ನಿನ್ನದೆಂದು ಕೊಟ್ಟಿದ್ದರೂ ಅದೇ ಮಾತು ಬರುತ್ತಿತ್ತೆಂದು ನನ್ನ ಅನುಮಾನ.

ಇದು ಕೇವಲ ಅನುಮಾನವಲ್ಲ; ಇದಕ್ಕೆ ಪ್ರಯೋಗದ ಆಧಾರವೂ ಇದೆ. ‘ಒಬ್ಬ ಮನುಷ್ಯನ ಚಿತ್ರ ಬರೆಯಿರಿ’ ಎಂದು ರೋಗಿಗೆ ಹೇಳಿ, ಬರೆದ ಚಿತ್ರದಿಂದ ಅವನ ಮನಸ್ಸನ್ನು ಓದುವ ಪದ್ಧತಿ ಅಮೆರಿಕದ ಚಿಕಿತ್ಸಕರಲ್ಲಿ ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿತ್ತು. ಕಣ್ಣುಗಳನ್ನು ದೊಡ್ಡದಾಗಿ ಬರೆದವನು ಸಂಶಯ ಪಿಶಾಚಿ, ತಲೆಯನ್ನು ದೊಡ್ಡದಾಗಿ ಬರೆದವನಿಗೆ ತನ್ನ ಬುದ್ಧಿಯ ಬಗ್ಗೆಯೇ ಚಿಂತೆ, ಹೀಗೆ ಅವರ ಲೆಕ್ಕ. ಲೋರೆನ್ ಮತ್ತು ಜೀನ್ ಚಾಪ್ಮನ್ ದಂಪತಿ 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಪರೀಕ್ಷೆಯ ಗಂಧಗಾಳಿಯೂ ಇಲ್ಲದ ಕಾಲೇಜು ವಿದ್ಯಾರ್ಥಿಗಳಿಗೆ ಇಂತಹ ಚಿತ್ರಗಳನ್ನು ಕೊಟ್ಟು, ಪ್ರತಿ ಚಿತ್ರದ ಕೆಳಗೆ ಬರೆದವನ ರೋಗಲಕ್ಷಣಗಳೆಂದು ಒಂದೆರಡು ವಾಕ್ಯಗಳನ್ನು ಸೇರಿಸಿದರು. ಚಿತ್ರಕ್ಕೂ ಲಕ್ಷಣಕ್ಕೂ ಯಾವ ಸಂಬಂಧವೂ ಇರದಂತೆ ಅವುಗಳನ್ನು ಬೇಕೆಂದೇ ಜೋಡಿಸಲಾಗಿತ್ತು. ಆದರೂ ವಿದ್ಯಾರ್ಥಿಗಳು ದೊಡ್ಡ ಕಣ್ಣಿಗೂ ಸಂಶಯಕ್ಕೂ, ದೊಡ್ಡ ತಲೆಗೂ ಬುದ್ಧಿಯ ಚಿಂತೆಗೂ ನಂಟನ್ನು ‘ಕಂಡುಹಿಡಿದರು’. ವರ್ಷಗಟ್ಟಲೆ ಅನುಭವವಿದ್ದ ಚಿಕಿತ್ಸಕರು ಹೇಳುತ್ತಿದ್ದುದೂ ಅದನ್ನೇ. ಚೌಕವನ್ನು ನೋಡಿದೊಡನೆ ಗೋಡೆ, ಪೆಟ್ಟಿಗೆ, ಬೀಗ ಎಂದು ಹೊಳೆಯುವುದು ನಮ್ಮೆಲ್ಲರಿಗೂ ಸಹಜ. ಹೊಳೆದದ್ದನ್ನು ಬರೆದವನ ತಲೆಗೆ ಕಟ್ಟುವುದರಲ್ಲಿ ತಪ್ಪಿದೆ.

‘ಆದರೆ ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜವೂ ಇತ್ತಲ್ಲ’ ಎಂದು ನೀನು ಬರೆದಿರುವ ಸಾಲಿಗೆ ಉತ್ತರವಾಗಿ ಇನ್ನೊಂದೇ ಪ್ರಯೋಗವನ್ನು ಹೇಳಿ ಮುಂದೆ ಹೋಗುತ್ತೇನೆ. ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಪ್ರತಿಯೊಬ್ಬನಿಗೂ ಪ್ರತ್ಯೇಕವಾಗಿ ಬರೆದದ್ದೆಂದು ಹೇಳಿ ಒಂದೊಂದು ವರದಿ ಕೊಟ್ಟ. ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ, ಅದರ ವಾಕ್ಯಗಳನ್ನು ಆತ ಆಯ್ದುಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಅದು ತಮಗೆ ಎಷ್ಟು ಒಪ್ಪುತ್ತದೆಂದು ಕೇಳಿದಾಗ ಅವರು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಬದಲಾವಣೆಗೆ ಅಂಜದವರು, ಕೋಪವನ್ನು ನುಂಗಿಕೊಳ್ಳದವರು ನಿಮ್ಮ ಕಚೇರಿಯಲ್ಲಿ ಎಷ್ಟು ಜನರಿದ್ದಾರೆ, ನೀನೇ ಹೇಳು.

ಈಗ ನಿನ್ನ ಹಾಳೆಗೆ ಬರೋಣ. ಫೋಟೊವನ್ನು ದೊಡ್ಡದು ಮಾಡಿ ನಿಧಾನವಾಗಿ ನೋಡಿದೆ. ಎಡ ಅಂಚಿನಲ್ಲಿ ಚೌಕ, ಅದರೊಳಗೊಂದು ಚೌಕ, ಅದರೊಳಗೆ ಇನ್ನೊಂದು. ನಡುವೆ ಒಂದೆರಡು ಕಡೆ ಮೂರು ಮುಖಗಳೂ ಕಾಣುವಂತೆ ಬರೆದ ಘನ. ಎಲ್ಲ ಗೆರೆಗಳೂ ಕೈಯಿಂದಲೇ ಎಳೆದವಾದರೂ ಸ್ಕೇಲು ಹಿಡಿದಷ್ಟು ನೇರ, ಘನದ ಓರೆ ಗೆರೆಗಳೆಲ್ಲ ಒಂದೇ ಕೋನದಲ್ಲಿವೆ. ಇದನ್ನು ಬರೆದವನಿಗೆ ಮುಚ್ಚಿದ ಮನಸ್ಸಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಆದರೆ ಇವನು ಸಿವಿಲ್ ಡಿಪ್ಲೊಮಾ ಓದಿದವನು ಎಂದು ನಿನ್ನನ್ನು ಅರಿಯದವರೂ ಊಹಿಸಬಹುದು. ಡ್ರಾಯಿಂಗ್ ಬೋರ್ಡಿನ ಮುಂದೆ ಟಿ-ಸ್ಕ್ವೇರು, ಸೆಟ್‌ಸ್ಕ್ವೇರು ಹಿಡಿದು ನಿಂತ ಕೈಗೆ ಬಿಡುವು ಸಿಕ್ಕರೆ ಅದು ಬರೆಯುವುದು ಚೌಕವನ್ನೇ. ನಮ್ಮ ಸೋದರತ್ತೆಯ ಹಾಲಿನ ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲಿದೆ; ಲೀಟರು, ದರ, ಬಾಕಿ ಬರೆದ ಸಾಲುಗಳ ಪಕ್ಕದಲ್ಲೆಲ್ಲ ಚುಕ್ಕಿಗಳಿಟ್ಟು ಅವುಗಳನ್ನು ಬಳಸಿ ಬರುವ ಬಳ್ಳಿ ಗೆರೆಗಳು. ಲೆಕ್ಕ ಕೂಡಿಸುತ್ತಾ ತಲೆ ಬೇರೆಡೆ ಇದ್ದಾಗ, ಪ್ರತಿದಿನ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹಾಕಿದ ಬೆರಳು ಪುಸ್ತಕದಲ್ಲೂ ಅದನ್ನೇ ಮಾಡಿದೆ. ಅದರಲ್ಲಿ ಸಂಸಾರಬಂಧನದ ಸಂಕೇತವನ್ನು ಹುಡುಕುವವರಿಗೆ ಅತ್ತೆ ತಕ್ಕ ಉತ್ತರ ಕೊಡುತ್ತಿದ್ದರು.

ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಸಭೆಗಳಲ್ಲಿ ಗೀಚಿದ ಹಾಳೆಗಳು ಬಾಸ್ಟನ್ನಿನ ಕೆನಡಿ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಎರಡು ಬಗೆಯ ಗೀಚುಗಳಿವೆ. ಒಂದು, ಹಾಯಿದೋಣಿಗಳು. ಅವರು ಹುಡುಗನಾಗಿದ್ದಾಗಿನಿಂದ ಕೇಪ್ ಕಾಡ್ ಕಡಲಿನಲ್ಲಿ ಹಾಯಿದೋಣಿ ನಡೆಸಿದವರಾದ್ದರಿಂದ ಅದರಲ್ಲಿ ಅಚ್ಚರಿಯಿಲ್ಲ. ಇನ್ನೊಂದು, ಆ ಹೊತ್ತಿನ ಮಾತಿನಿಂದ ಎತ್ತಿಕೊಂಡ ಒಂದೇ ಪದವನ್ನು ಮತ್ತೆ ಮತ್ತೆ ಬರೆದು, ಅದರ ಸುತ್ತ ಪೆಟ್ಟಿಗೆ ಕಟ್ಟುವುದು. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯವಾಗಿ ಅಣುಯುದ್ಧವೇ ಬಾಗಿಲಿಗೆ ಬಂದಿದ್ದಾಗ, ಅವರ ಹಾಳೆಯ ಮೇಲೆ ಹೀಗೆ ಮರಳಿ ಮರಳಿ ಬಂದ ಪದ ‘ಕ್ಷಿಪಣಿ’. ದೋಣಿಗಳಲ್ಲಿ ಕಾಣುವುದು ಕೈಯ ರೂಢಿ, ಮರುಬರಹದಲ್ಲಿ ಕಾಣುವುದು ಆ ಗಳಿಗೆಯ ಆತಂಕ. ಎರಡನ್ನೂ ಬೆರೆಸಿ, ದೋಣಿಯೇರಿ ದೂರ ಓಡಿಹೋಗುವ ಆಸೆ ಅವರಿಗಿತ್ತೆಂದು ವ್ಯಾಖ್ಯಾನ ಮಾಡಿದರೆ ಎರಡೂ ಕೈತಪ್ಪುತ್ತವೆ.

ಭಾವನೆಯ ಸುಳಿವು ಬೇಕಿದ್ದರೆ ಏನು ಬರೆದಿದೆ ಎನ್ನುವುದಕ್ಕಿಂತ ಹೇಗೆ ಬರೆದಿದೆ ಎಂಬುದನ್ನು ನೋಡಬೇಕೆಂದು ನನಗನ್ನಿಸುವುದು ಇದರಿಂದಲೇ. ನಿನ್ನ ಹಾಳೆಯಲ್ಲಿ ಮೇಲ್ಭಾಗದ ಚೌಕಗಳ ಗೆರೆ ಹಗುರವಾಗಿದೆ, ಅಲ್ಲಲ್ಲಿ ಮೂಲೆಗಳು ಕೂಡದೆಯೇ ಉಳಿದಿವೆ. ಕೆಳಗೆ, ‘ಮಾರ್ಚ್ ಒಳಗಿನ ಗುರಿ’ ಎಂದು ಟಿಪ್ಪಣಿ ಮಾಡಿಕೊಂಡ ಸಾಲಿನ ಪಕ್ಕದಲ್ಲಿ ಮಾತ್ರ ಒಂದೇ ಚೌಕದ ಗೆರೆಯ ಮೇಲೆ ಬಾಲ್‌ಪೆನ್ನು ಎಷ್ಟು ಸಲ ಓಡಿದೆಯೆಂದರೆ, ಕಾಗದ ಕುಳಿಬಿದ್ದು ಅದರ ನೆರಳು ಫೋಟೊದಲ್ಲೂ ಕಾಣುತ್ತದೆ. ಶಾಯಿ ಬಲಗಡೆಗೆ ಒರೆಸಿಕೊಂಡಿದೆ. ಆ ಹೊತ್ತಿನಲ್ಲಿ ಹೇಳಬೇಕೆಂದು ಬಾಯಿಗೆ ಬಂದದ್ದನ್ನು ನೀನು ತಡೆದುಕೊಂಡಿರಬಹುದು. ಅಥವಾ ಪೆನ್ನು ಸರಿಯಾಗಿ ಶಾಯಿ ಬಿಡುತ್ತಿರಲಿಲ್ಲವೋ ಏನೋ. ಎರಡರಲ್ಲಿ ಯಾವುದೆಂದು ಬಲ್ಲವನು ನೀನೊಬ್ಬನೇ, ಅದೂ ಆ ಸಭೆಯ ನೆನಪು ಮಾಸುವ ಮೊದಲು.

ಗೆರೆಯನ್ನು ನೋಡಿ ನಿಖರವಾಗಿ ಏನನ್ನಾದರೂ ಹೇಳುವವರು ಇಲ್ಲವೇ ಎಂದರೆ, ಇದ್ದಾರೆ. ನರರೋಗ ತಜ್ಞರು ಕೈನಡುಕವಿರುವವರಿಗೆ ಒಂದು ಸುರುಳಿ ಬರೆಯಲು ಹೇಳುತ್ತಾರೆ. ಗೆರೆಯ ಅಲೆಯಿಂದ ನಡುಕದ ಬಗೆ ತಿಳಿಯಲು ಸಹಾಯವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಬರವಣಿಗೆ ಸಾಗುತ್ತಾ ಅಕ್ಷರಗಳು ಕಿರಿದಾಗುತ್ತಾ ಹೋಗುವುದುಂಟು. ಮರೆವಿನ ಕಾಯಿಲೆಯ ಶಂಕೆಯಿದ್ದವರಿಗೆ ಗಡಿಯಾರದ ಮುಖ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲು ಹೇಳುತ್ತಾರೆ. ಅಲ್ಲಿ ಎಲ್ಲರಿಗೂ ಕೊಡುವ ಕೆಲಸ ಒಂದೇ, ಹೋಲಿಸಲು ಸಾವಿರಾರು ಜನರ ಹಾಳೆಗಳಿವೆ, ಹಾಗಿದ್ದೂ ಆ ಒಂದು ಹಾಳೆಯ ಬಲದ ಮೇಲೆ ಯಾವ ವೈದ್ಯರೂ ರೋಗವನ್ನು ತೀರ್ಮಾನಿಸುವುದಿಲ್ಲ. ನಿಮ್ಮ ತರಬೇತುದಾರರ ಧೈರ್ಯ ದೊಡ್ಡದು.

ಇನ್ನು ಮಗಳ ವಿಷಯ. ತರಗತಿಯಲ್ಲಿ ಕೇಳುತ್ತಾ ಕುಳಿತಾಗಲೆಲ್ಲ ಅವಳು ಪುಸ್ತಕದ ಅಂಚಿನ ತುಂಬ ಹೂವು, ಕಣ್ಣು, ಸುರುಳಿ ಬರೆಯುತ್ತಾಳೆ, ಅದಕ್ಕೆ ಗಣಿತದ ಶಿಕ್ಷಕಿ ಡೈರಿಯಲ್ಲಿ ದೂರು ಬರೆದಿದ್ದಾರೆ, ಪಾಠದ ಮೇಲೆ ಗಮನವಿಲ್ಲವೆಂದೇ ಇದರ ಅರ್ಥವೇ ಎಂದು ಕೇಳಿದ್ದೀಯ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ ಅವರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. 40 ಜನರಿಗೆ ಅವರು ಎರಡೂವರೆ ನಿಮಿಷದ, ಬೇಕೆಂದೇ ನೀರಸವಾಗಿ ಓದಿಸಿದ ಫೋನ್ ಸಂದೇಶವೊಂದನ್ನು ಕೇಳಿಸಿ, ಅದರಲ್ಲಿ ಬರುವ, ಒಂದು ಪಾರ್ಟಿಗೆ ಹಾಜರಾಗಲಿರುವವರ ಹೆಸರುಗಳನ್ನು ಬರೆದುಕೊಳ್ಳಲು ಹೇಳಿದರು. ಅರ್ಧ ಜನರಿಗೆ ಮಾತ್ರ, ಕೇಳುತ್ತಿರುವಾಗಲೇ ಕಾಗದದ ಮೇಲಿನ ಚೌಕ ಮತ್ತು ವೃತ್ತಗಳೊಳಗೆ ಪೆನ್ಸಿಲಿನಿಂದ ತುಂಬುತ್ತಿರಲು ಹೇಳಲಾಗಿತ್ತು. ಆಮೇಲೆ ಮುನ್ಸೂಚನೆಯಿಲ್ಲದೆ, ಸಂದೇಶದಲ್ಲಿ ಬಂದ ಜನರ ಮತ್ತು ಊರುಗಳ ಹೆಸರುಗಳನ್ನು ನೆನಪಿನಿಂದ ಹೇಳಲು ಕೇಳಿದಾಗ, ಪೆನ್ಸಿಲು ಆಡಿಸಿದವರು ಸರಾಸರಿ 7.5 ಹೆಸರುಗಳನ್ನೂ ಸುಮ್ಮನೆ ಕುಳಿತವರು 5.8 ಹೆಸರುಗಳನ್ನೂ ಹೇಳಿದರು. ಎಂದರೆ 29 ಶೇಕಡ ಹೆಚ್ಚು. ಕೈಗೆ ಸಣ್ಣದೊಂದು ಕೆಲಸವಿದ್ದರೆ ಮನಸ್ಸು ಹಗಲುಗನಸಿಗೆ ಜಾರದೆ ಉಳಿಯುತ್ತದೆ ಎಂಬುದು ಆಂಡ್ರೇಡ್ ಅವರ ಊಹೆ. ಆ ಜನ ತಮ್ಮಿಷ್ಟದಂತೆ ಗೀಚಿದವರಲ್ಲ, ಕೊಟ್ಟ ಆಕಾರ ತುಂಬಿದವರು ಎಂಬುದು ನೆನಪಿರಲಿ. ಕಣ್ಣು ರೆಪ್ಪೆಗಳ ಸಮೇತ ಮುಖ ಬರೆಯಲು ತೊಡಗಿದರೆ ಗಮನವೆಲ್ಲ ಅತ್ತಲೇ ಹೋಗಬಹುದು.

ಬೇಸರದ ಗೀಚಿನಿಂದ ಗಣಿತವೇ ಹುಟ್ಟಿದ ಉದಾಹರಣೆಯೂ ಇದೆ. ಪೋಲೆಂಡ್ ಮೂಲದ, ಆಮೇಲೆ ಅಮೆರಿಕಕ್ಕೆ ಹೋದ ಗಣಿತಜ್ಞ ಸ್ಟಾನಿಸ್ಲಾವ್ ಉಲಮ್ 1963ರಲ್ಲಿ ಒಂದು ಉದ್ದನೆಯ, ನೀರಸ ಪ್ರಬಂಧ ಕೇಳುತ್ತಾ ಕುಳಿತಿದ್ದಾಗ ಕಾಗದದಲ್ಲಿ ಒಂದರಿಂದ ಆರಂಭಿಸಿ ಸಂಖ್ಯೆಗಳನ್ನು ಚೌಕಾಕಾರದ ಸುರುಳಿಯಾಗಿ ಬರೆದು, ಅವುಗಳಲ್ಲಿನ ಅವಿಭಾಜ್ಯ ಸಂಖ್ಯೆಗಳಿಗೆ ಸುತ್ತು ಹಾಕುತ್ತಾ ಹೋದರು; ಆ ಸುತ್ತುಗಳು ಓರೆ ಗೆರೆಗಳ ಮೇಲೆ ಸಾಲುಗಟ್ಟುವುದು ಕಂಡಿತು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ. ಇದನ್ನು ಶಿಕ್ಷಕಿಗೆ ವಾದವಾಗಿ ಹೇಳಬೇಡ, ಮಗಳಿಗೆ ಹೇಳು. ಗೆರೆ ಹಾಳೆಯಲ್ಲಿ ಸುರುಳಿ ಬರೆದು ನೋಡಲು ಅವಳಿಗೆ ಖುಷಿಯಾದೀತು.

ಅವಳು ಯಾಕೆ ಅಷ್ಟೊಂದು ಕಣ್ಣುಗಳನ್ನು ಬರೆಯುತ್ತಾಳೆ ಎಂಬ ನಿನ್ನ ಆತಂಕಕ್ಕೆ ಉತ್ತರ ಆ ಕಣ್ಣುಗಳಲ್ಲಿಲ್ಲ. ಬ್ರಿಟನ್ನಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ಮಕ್ಕಳೊಂದಿಗೆ ಒಂದು ಆಟ ಆಡುತ್ತಿದ್ದರು: ತಾವು ಕಣ್ಣುಮುಚ್ಚಿದಂತೆ ಒಂದು ಗೀಟು ಎಳೆಯುವುದು, ಮಗು ಅದನ್ನು ತನಗೆ ತೋಚಿದ ಚಿತ್ರವಾಗಿಸುವುದು, ಆಮೇಲೆ ಮಗು ಎಳೆದ ಗೀಟನ್ನು ತಾವು ಚಿತ್ರವಾಗಿಸುವುದು. ಹಾಳೆಗಳ ಮೇಲೆ ತೀರ್ಪು ಕೊಡುವ ಅವಸರ ಅವರಿಗಿರಲಿಲ್ಲ. ಆಟದ ನಡುವೆ ಮಗು ತಾನಾಗಿ ಆಡುವ ಮಾತಿಗಾಗಿ ಅವರು ಕಾಯುತ್ತಿದ್ದರು. ರಾತ್ರಿ ಊಟವಾದ ಮೇಲೆ ಹಳೆಯ ನೋಟ್‌ಬುಕ್ಕು ಹಿಡಿದು ಅವಳ ಪಕ್ಕದಲ್ಲಿ ಕುಳಿತು ಈ ಆಟ ಆಡು. ‘ಇದರ ಅರ್ಥವೇನು’ ಎಂದು ಮಾತ್ರ ಕೇಳಬೇಡ. ನಿನ್ನನ್ನು ಹಾಗೆ ಕೇಳಿದಾಗ ಹೇಗನ್ನಿಸಿತೆಂದು ನಿನಗೇ ಗೊತ್ತು.

ಅವಳಿಗೊಂದು ರಫ್ ನೋಟ್‌ಬುಕ್ಕು ತೆಗೆದುಕೊಡು, ಸಮಾಜ ವಿಜ್ಞಾನದ ಪಾಠ ಓದಿ ಹೇಳುತ್ತಿರುವಾಗ ಅದರಲ್ಲಿ ಸುರುಳಿ ಸುತ್ತಿಕೊಳ್ಳಲಿ. ಗಣಿತದ ಮೇಡಂ ಅವರ ದೂರು ಮಾತ್ರ ನ್ಯಾಯವಾದದ್ದು: ಬೋರ್ಡಿನ ಮೇಲೆ ಪ್ರಮೇಯದ ಚಿತ್ರ ಮೂಡುತ್ತಿರುವಾಗ ಕಣ್ಣು ಅಲ್ಲಿರಬೇಕು, ಒಂದೇ ಕಣ್ಣಿಗೆ ಎರಡು ಕಡೆ ನೋಡಲಾಗುವುದಿಲ್ಲ. ರೇಖಾಗಣಿತದ ಅವಧಿಯಲ್ಲಿ ಗೀಚುವುದಿಲ್ಲವೆಂದು ಅವಳಿಂದಲೇ ಒಂದು ಸಾಲು ಬರೆಸಿ, ಡೈರಿಗೆ ಸಹಿ ಹಾಕಿ ಕಳುಹಿಸು.

ಇಂತು ನಿನ್ನ,
ರಾಮಚಂದ್ರ