ಮೇಪಲ್ ಕಾಡಿಗೆ ಎರೆಹುಳು ಮಿತ್ರನಲ್ಲ

ಸಂಪಾದಕರೇ,

ಮರಗಳು ಬೇರಿನ ಶಿಲೀಂಧ್ರದ ಮೂಲಕ ಮಾತಾಡಿಕೊಳ್ಳುತ್ತವೆ ಎಂಬ ನಿಮ್ಮ ಪುರವಣಿಯ ಲೇಖನ ಓದಿದೆ. ಚಿತ್ರ ಮೇಪಲ್ ಕಾಡಿನದು, ಒಳಗಿನ ಕತೆ ಮಾತ್ರ ಬರ್ಚ್ ಮತ್ತು ಡಗ್ಲಸ್ ಫರ್ ಮರಗಳದ್ದು. ಕೆನಡಾದ ಅರಣ್ಯ ವಿಜ್ಞಾನಿ ಸುಝಾನ್ ಸಿಮಾರ್ಡ್ 1997ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಮೇಪಲ್ ಇರಲೇ ಇಲ್ಲ. ಮೇಪಲ್ ಬೇರಿನಲ್ಲಿರುವುದು ಬೇರೆಯೇ ಗುಂಪಿನ ಶಿಲೀಂಧ್ರ. ನಮ್ಮ ಕಡೆ ರೈತರು ವ್ಯಾಮ್ (VAM) ಅಂತ ಶಿಲೀಂಧ್ರದ ಗೊಬ್ಬರ ತಂದು ಸಸಿ ಬುಡಕ್ಕೆ ಹಾಕುತ್ತಾರಲ್ಲ, ಅದೇ ಗುಂಪು. ಅದು ಅಣಬೆ ಬಿಡುವುದಿಲ್ಲ, ಬೇರಿನ ಕೋಶದೊಳಗೇ ಸೇರಿಕೊಂಡು ಮರಕ್ಕೆ ರಂಜಕ ಕೊಟ್ಟು ಸಕ್ಕರೆ ಪಡೆಯುತ್ತದೆ.

ಅದಿರಲಿ. ನನಗೆ ಸರಿ ಕಾಣದ್ದು ಲೇಖನದ ಕೊನೆಯ ಮಾತು, ಎರೆಹುಳು ಇದ್ದರೆ ಕಾಡಿನ ಮಣ್ಣು ಚೆನ್ನಾಗಿರುತ್ತದೆ ಅಂದದ್ದು. ಊರಿನ ತೋಟಕ್ಕೆ ಸರಿ. ನಾನಿರುವ ಅಮೆರಿಕದ ಮಿನೆಸೋಟ ರಾಜ್ಯದ ಕಾಡಿಗೆ ಪೂರಾ ಉಲ್ಟಾ.

ಹಿಮಯುಗದಲ್ಲಿ ಈ ಪ್ರದೇಶ ಮಂಜುಗಡ್ಡೆಯಡಿ ಹೂತುಹೋಗಿತ್ತು. ಅದು ಕರಗಿದ ಮೇಲೂ ಇಲ್ಲಿ ಎರೆಹುಳು ಇರಲಿಲ್ಲ. ಯುರೋಪಿನಿಂದ ಬಂದವರ ಹಡಗಿನಲ್ಲಿ ಭಾರಕ್ಕೆಂದು ತುಂಬಿದ ಮಣ್ಣಿನಲ್ಲಿ, ಗಿಡದ ಬೇರಿನ ಜೊತೆ ಬಂದವು. ಅಲ್ಲಿಯವರೆಗೆ ತರಗೆಲೆ ನಿಧಾನವಾಗಿ ಕೊಳೆತು ಕಾಡಿನ ನೆಲದ ಮೇಲೆ ಹಾಸಿಗೆ ಹಾಸಿದಂತೆ ದಪ್ಪಗೆ ಬಿದ್ದಿರುತ್ತಿತ್ತು, ಶುಗರ್ ಮೇಪಲ್ ಬೀಜ ಮೊಳೆಯುವುದು ಅಲ್ಲೇ, ಸಸಿಯ ಎಳೆ ಬೇರಿಗೆ ಶಿಲೀಂಧ್ರ ಅಂಟಿಕೊಳ್ಳುವುದೂ ಅಲ್ಲೇ. ಎರೆಹುಳು ಬಂದ ಕೆಲವೇ ವರ್ಷದಲ್ಲಿ ಆ ಪದರ ಖಾಲಿ. ಶಿಲೀಂಧ್ರದ ಎಳೆಗಳು ಹರಿಯುತ್ತವೆ, ಬರಿ ನೆಲದಲ್ಲಿ ಸಸಿ ಒಣಗುತ್ತದೆ, ಮರದಡಿ ಟ್ರಿಲಿಯಂನಂಥ ಹೂಗಿಡಗಳು ಹೋಗಿ ಹುಲ್ಲಿನಂಥ ಸೆಡ್ಜ್ ಹಬ್ಬುತ್ತದೆ. ದೊಡ್ಡ ಮರಗಳು ಹಾಗೇ ನಿಂತಿರುವುದರಿಂದ ಬಂದು ಫೋಟೊ ತೆಗೆಯುವವರಿಗೆ ಏನೂ ಗೊತ್ತಾಗುವುದಿಲ್ಲ, ಅದೇ ಕಷ್ಟ.

ಹುಳು ತಾನಾಗಿ ವರ್ಷಕ್ಕೆ ಐದು ಹತ್ತು ಮೀಟರ್ ಹೋದರೆ ಜಾಸ್ತಿ. ದೂರ ಸಾಗಿಸುವುದು ನಾವೇ, ಮೀನಿಗೆ ಗಾಳ ಹಾಕಿ ಉಳಿದ ಹುಳುವನ್ನು ಕೆರೆ ದಂಡೆಯಲ್ಲಿ ಬಿಟ್ಟು. ಈಗ ಏಷ್ಯಾದ ನೆಗೆಯುವ ಎರೆಹುಳುಗಳೂ ಸೇರಿಕೊಂಡಿವೆ, ಕುಂಡದ ಗಿಡ, ಗೊಬ್ಬರದ ಜೊತೆ ಬರುತ್ತವೆ.

ಇದು ಕನ್ನಡ ಪತ್ರಿಕೆಗೆ ಯಾಕೆ ಅನ್ನಬಹುದು. ಮಕ್ಕಳ ಮನೆಗೆಂದು ಬೇಸಿಗೆಗೆ ಇಲ್ಲಿಗೆ ಬರುವ ಅಪ್ಪ ಅಮ್ಮಂದಿರು ಹಿತ್ತಲಲ್ಲಿ ಮೆಂತೆ, ಬದನೆ ಹಾಕುತ್ತಾರೆ, ಎರೆಗೊಬ್ಬರದ ಡಬ್ಬಿ ಇಡುತ್ತಾರೆ. ಬಹಳ ಒಳ್ಳೆಯದು. ಆದರೆ ವಾಪಸ್ ಹೊರಡುವಾಗ ಪಾಪ ಬದುಕಿಕೊಳ್ಳಲಿ ಅಂತ ಆ ಹುಳುಗಳನ್ನು ಮನೆ ಹಿಂದಿನ ಕಾಡಿಗೆ ಸುಮ್ನೆ ಸುರಿಯುವುದು ಬೇಡ. ಇಲ್ಲಿಯೇ ಎರೆಗೊಬ್ಬರ ಮಾಡುವ ಯಾರಿಗಾದರೂ ಕೊಡಿ. ಯಾರೂ ಸಿಗದಿದ್ದರೆ ಡಬ್ಬಿಯ ಮಣ್ಣನ್ನು ಹುಳು ಸಮೇತ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ. ಕೇಳಲು ಕಟುಕತನ ಅನಿಸುತ್ತದೆ, ಗೊತ್ತು, ಇಲ್ಲಿಯ ಅರಣ್ಯದವರು ಹೇಳುವುದೂ ಇದನ್ನೇ.

ಮುಂದಿನ ಪುರವಣಿಯಲ್ಲಿ ಇಷ್ಟನ್ನು ಒಂದು ಸಣ್ಣ ತಿದ್ದುಪಡಿಯಾಗಿ ಹಾಕಿದರೆ ಸಾಕು.

– ನಿಮ್ಮ ಓದುಗ, ಮಿನೆಸೋಟ, ಅಮೆರಿಕ