ಎರಡು ಪೆಟ್ಟು ತಿಂದವರಿಗೆ ಯಾವ ಕಾನೂನು?

ಮಾನ್ಯ ಸಂಪಾದಕರೇ,

ಸಲಿಂಗಿ, ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2020ರ ಜೂನ್ 15ರಂದು ತೀರ್ಪು ಕೊಟ್ಟಿತು. ಅದಕ್ಕೆ ಆಧಾರವಾದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಉದ್ಯೋಗ ಭಾಗ 15ಕ್ಕಿಂತ ಕಡಿಮೆ ನೌಕರರಿರುವ ಕಡೆ ಅನ್ವಯಿಸುವುದಿಲ್ಲ. ಪುಟ್ಟ ಹೋಟೆಲಿನಲ್ಲಿ ದುಡಿಯುವ ಕಪ್ಪುವರ್ಣೀಯ ಟ್ರಾನ್ಸ್ ಮಹಿಳೆಗೆ ಆ ತೀರ್ಪಿನ ನೆರಳಿಲ್ಲ.

ದೊಡ್ಡ ಕಂಪನಿಯಲ್ಲಿದ್ದರೂ ಪೆಟ್ಟು ಬಿದ್ದದ್ದು ಬಣ್ಣಕ್ಕೋ ಲಿಂಗಕ್ಕೋ ಎಂಬ ಪ್ರಶ್ನೆ ಏಳುತ್ತದೆ. ಜನರಲ್ ಮೋಟರ್ಸ್ ವಿರುದ್ಧ ಐವರು ಕಪ್ಪು ಮಹಿಳೆಯರು ಹೂಡಿದ್ದ ದಾವೆಯಲ್ಲಿ, 1976ರಲ್ಲಿ, ನ್ಯಾಯಾಲಯ ಎರಡನ್ನೂ ಕೂಡಿಸಿ ನೋಡಲು ಒಪ್ಪಲೇ ಇಲ್ಲ. ಓದಿದಾಗ ಹೊಟ್ಟೆ ಉರಿಯಿತು. ಆ ಕಂಪನಿಯಲ್ಲಿ ಬಿಳಿ ಹೆಂಗಸರಿಗೆ ಕೆಲಸ ಸಿಕ್ಕಿತ್ತೆಂಬುದು ಕಪ್ಪು ಹೆಂಗಸರಿಗೆ ಉತ್ತರವಾಗುವುದು ಹೇಗೆ?

ಕರ್ನಾಟಕ ಈ ವಿಷಯದಲ್ಲಿ ಸರಿಯಾದ ದಾರಿ ಹಿಡಿದಿದೆ. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಾಗ, ಅದನ್ನು ಸಾಮಾನ್ಯ, ಪರಿಶಿಷ್ಟ, ಹಿಂದುಳಿದ ಎಲ್ಲ ವರ್ಗಗಳೊಳಗೂ ಕೊಟ್ಟಿತು. ದಲಿತ ಟ್ರಾನ್ಸ್ ಅಭ್ಯರ್ಥಿ ತನ್ನ ಜಾತಿಯನ್ನೋ ಲಿಂಗತ್ವವನ್ನೋ ಬಿಟ್ಟುಕೊಡಬೇಕಿಲ್ಲ. ಆದರೆ ಖಾಸಗಿ ಕಂಪನಿಗಳಿಗೆ ಇದು ಅನ್ವಯವಿಲ್ಲ. ಅವು ಇಂಥ ಎಷ್ಟು ಮಂದಿಗೆ, ಯಾವ ಹುದ್ದೆಗಳಲ್ಲಿ ಕೆಲಸ ಕೊಟ್ಟಿವೆ ಎಂಬ ಲೆಕ್ಕವನ್ನು ಹೆಸರು ಹೊರಹಾಕದೆ ಪ್ರತಿವರ್ಷ ಪ್ರಕಟಿಸುವಂತೆ ಸರ್ಕಾರ ಕಡ್ಡಾಯ ಮಾಡಲಿ.

– ಒಬ್ಬ ಓದುಗಿ, ಬೆಂಗಳೂರು