ಡಾನ್ಸ್ ಕಲಿಯೋ ಮಕ್ಕಳ ಕಾಲಡಿಗೆ ಒಂದು ಮರದ ನೆಲ ಬೇಕು

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಬ್ಯಾಲೆ ಡಾನ್ಸರ್ ಮಿಸ್ಟಿ ಕೋಪ್ಲೆಂಡ್ ರಿಟೈರ್ ಆದ ಸುದ್ದೀನ ನಿಮ್ಮ ಪತ್ರಿಕೆಯಲ್ಲಿ ಒಂದು ಫೋಟೋ ಹಾಕಿ ಅದರ ಕೆಳಗೆ ಎರಡು ಸಾಲು ಬರೆದು ಮುಗಿಸಿದ್ರಿ. ಅಷ್ಟಾದ್ರೂ ಹಾಕಿದ್ರಲ್ಲ ಅಂತ ನನಗೆ ನಿಜವಾಗ್ಲೂ ಖುಷಿ ಆಯ್ತು. ಆದ್ರೆ ‘ಅಮೆರಿಕದ ಮೊದಲ ಕಪ್ಪು ಪ್ರಿನ್ಸಿಪಲ್ ಬ್ಯಾಲೆರಿನಾ’ ಅಂತ ಇತ್ತಲ್ಲ (ಪ್ರಿನ್ಸಿಪಲ್ ಅಂದ್ರೆ ಕಂಪನಿಯಲ್ಲಿ ಮುಖ್ಯ ಪಾತ್ರ ಮಾಡೋ ಎಲ್ಲಕ್ಕಿಂತ ಮೇಲಿನ ದರ್ಜೆಯ ಡಾನ್ಸರ್), ಅದು ಸರಿ ಇಲ್ಲ. ಹ್ಯೂಸ್ಟನ್ ಬ್ಯಾಲೆ ಕಂಪನಿಯಲ್ಲಿ ಲಾರೆನ್ ಆಂಡರ್ಸನ್ ಅನ್ನೋರು 1990ರಲ್ಲೇ ಪ್ರಿನ್ಸಿಪಲ್ ಆಗಿದ್ರು. ಮಿಸ್ಟಿ ಆಗಿದ್ದು ನ್ಯೂಯಾರ್ಕಿನ ಅಮೆರಿಕನ್ ಬ್ಯಾಲೆ ಥಿಯೇಟರ್ ಅನ್ನೋ ಕಂಪನಿಯ 75 ವರ್ಷದ ಇತಿಹಾಸದಲ್ಲಿ ಮೊದಲ ಕಪ್ಪು ಮಹಿಳಾ ಪ್ರಿನ್ಸಿಪಲ್, ಅದೂ 2015ರ ಜೂನ್ 30ಕ್ಕೆ. ಇದನ್ನ ಒಂಚೂರು ತಿದ್ದಿ ಹಾಕಿ ಅಂತ ಕೇಳೋಕೆ ಬರೆಯೋಕೆ ಕೂತೆ, ಬರೀತಾ ಬರೀತಾ ನಮ್ಮ ತುಮಕೂರಿಗೆ ಸಂಬಂಧಪಟ್ಟ ಮಾತೇ ದೊಡ್ಡದಾಗೋಯ್ತು, ಸ್ವಲ್ಪ ಉದ್ದ ಇದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಇಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡ್ತೀನಿ. ಬ್ಯಾಲೆ ಕಲಿತವಳಲ್ಲ. ಆದ್ರೆ ಡಾನ್ಸರ್ ಮೈಗೆ ಏನೇನಾಗುತ್ತೆ ಅನ್ನೋದು ಎಲ್ಲ ನೃತ್ಯದಲ್ಲೂ ಒಂದೇ, ಅದಕ್ಕೇ ಈಕೆ ಕಥೆ ನನಗೆ ಬಾಯಿಪಾಠ ಆಗಿದೆ. ನಮ್ಮ ಹುಡುಗೀರಿಗೂ ಕ್ಲಾಸ್ ಮುಗಿದ ಮೇಲೆ ಹೇಳ್ತಿರ್ತೀನಿ.

ಮಿಸ್ಟಿ ಹುಟ್ಟಿದ್ದು 1982ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ. ಬೆಳೆದಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೋ ಅನ್ನೋ ಬಂದರು ಊರಲ್ಲಿ. ಆರು ಜನ ಮಕ್ಕಳು, ತಾಯಿಗೆ ದುಡ್ಡಿನ ತಾಪತ್ರಯ, ಒಂದು ಕಾಲದಲ್ಲಿ ಅಷ್ಟೂ ಜನ ರಸ್ತೆ ಬದಿ ಮೋಟೆಲಿನ ರೂಮಲ್ಲಿ ಇದ್ರು, ಮಕ್ಕಳು ನೆಲದ ಮೇಲೆ ಮಲಗೋರು. ಬ್ಯಾಲೆ ಶುರು ಮಾಡಿದಾಗ ಆಕೆಗೆ 13 ವರ್ಷ. ಬ್ಯಾಲೆ ಲೆಕ್ಕದಲ್ಲಿ ಅದು ತೀರಾ ಲೇಟು, ಅಲ್ಲಿ ಪುಟ್ಟ ಮಕ್ಕಳಿದ್ದಾಗಲೇ ಕಾಲು ತಿರುಗಿಸೋದು ಅಭ್ಯಾಸ ಮಾಡಿಸಿರ್ತಾರೆ. ಇವಳಿಗೆ ಮೊದಲ ಕ್ಲಾಸ್ ಆಗಿದ್ದು ದೊಡ್ಡ ಡಾನ್ಸ್ ಸ್ಕೂಲಲ್ಲಿ ಅಲ್ಲ, ಅಲ್ಲಿನ ಬಾಯ್ಸ್ ಅಂಡ್ ಗರ್ಲ್ಸ್ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಕೋರ್ಟಲ್ಲಿ. ಬಡ ಮಕ್ಕಳು ಸ್ಕೂಲ್ ಬಿಟ್ಟ ಮೇಲೆ ಬೀದಿ ಅಲೀಬಾರದು ಅಂತ ಇರೋ ಜಾಗ ಅದು. ಸ್ಕೂಲಿನ ಡ್ರಿಲ್ ಟೀಮಿನ ಟೀಚರ್ ಹೋಗು ಅಂದ್ರು, ಹೋದ್ಲು, ಬ್ಯಾಲೆ ಡ್ರೆಸ್ಸಿಲ್ಲ ಶೂ ಇಲ್ಲ, ಕಾಲಲ್ಲಿ ಸಾಕ್ಸು. ಸಿಂಥಿಯಾ ಬ್ರಾಡ್ಲಿ ಅನ್ನೋ ಟೀಚರ್ ಅಲ್ಲಿ ಪುಕ್ಕಟೆ ಕ್ಲಾಸ್ ಮಾಡ್ತಿದ್ರು, ಈ ಹುಡುಗಿ ಮೈಯಲ್ಲಿ ಏನೋ ಇದೆ ಅಂತ ಅವರಿಗೆ ಕಾಣಿಸ್ತು, ಕೆಲವೇ ತಿಂಗಳಲ್ಲಿ ಬೆರಳ ತುದಿ ಮೇಲೆ ನಿಲ್ಲಿಸಿಬಿಟ್ರು, ಆಮೇಲೆ ತಮ್ಮ ಮನೇಲೇ ಇಟ್ಕೊಂಡು ಕಲಿಸಿದ್ರು.

ಇಲ್ಲಿ ನಮ್ಮ ತಾಯಂದಿರು ಬಂದು ‘ಮಿಸ್, ಇವಳು ಆಗಲೇ 7ನೇ ಕ್ಲಾಸು, ಇನ್ನೇನು ಶುರು ಮಾಡೋದು ಬಿಡಿ’ ಅಂತಾರಲ್ಲ, ಅವರಿಗೆ ನಾನು ಹೇಳೋ ಮೊದಲ ಮಾತೇ ಈ 13.

ಬ್ಯಾಲೆ ಕಂಪನಿ ಅಂದ್ರೇನು ಅಂತ ನಮ್ಮ ಜಿಲ್ಲೆಯವರಿಗೆ ಕಷ್ಟಪಟ್ಟು ಹೇಳಬೇಕಾಗಿಲ್ಲ, ಗುಬ್ಬಿ ನಾಟಕ ಕಂಪನಿ ನೋಡಿದ ಜಿಲ್ಲೆ ಇದು. ವೀರಣ್ಣೋರು ಬಾಲನಟರಾಗಿ ಸೇರ್ಕೊಂಡು ಕಡೆಗೆ ಮಾಲೀಕರೇ ಆದ ಹಾಗೆ, ಅಲ್ಲೂ ಕೆಳಗಿನ ಮೆಟ್ಟಿಲಿಂದಾನೇ ಹತ್ತಬೇಕು. ಮೊದಲು ಗುಂಪಿನಲ್ಲಿ ನಿಲ್ಲೋರು, ಸ್ವಾನ್ ಲೇಕ್ ಅನ್ನೋ ಬ್ಯಾಲೆಯಲ್ಲಿ ಹಂಸಗಳ ಸಾಲು ಬರುತ್ತಲ್ಲ, ಅವರೆಲ್ಲ ಒಂದೇ ಉಸಿರಲ್ಲಿ ಒಂದೇ ಕೈ ಎತ್ತಬೇಕು, ಒಬ್ಬಳು ಚೂರು ಮುಂದಾದ್ರೂ ಸಾಲು ಕೆಡುತ್ತೆ. ಅಲ್ಲಿಂದ ಸೋಲೋಯಿಸ್ಟ್. ಅದರ ಮೇಲೆ ಪ್ರಿನ್ಸಿಪಲ್. ಗುಂಪಲ್ಲೇ ಇದ್ದು ಗುಂಪಲ್ಲೇ ರಿಟೈರ್ ಆಗೋರೇ ಹೆಚ್ಚು. ಮಿಸ್ಟಿ 2000ದಲ್ಲಿ ಕಂಪನಿಯ ಸ್ಟುಡಿಯೋ ವಿಭಾಗಕ್ಕೆ ಸೇರಿದ್ರು, 2001ಕ್ಕೆ ಗುಂಪಿಗೆ, 2007ಕ್ಕೆ ಸೋಲೋಯಿಸ್ಟ್, 2015ಕ್ಕೆ ಪ್ರಿನ್ಸಿಪಲ್, ಅಷ್ಟೊತ್ತಿಗೆ ವಯಸ್ಸು 32. ಮೇಲಿನ ಪಾತ್ರ ಒಂದೊಂದೂ ಮೈ ಹಿಂಡಿಬಿಡುತ್ತೆ, ಸ್ವಾನ್ ಲೇಕ್‌ನಲ್ಲಿ ಕಪ್ಪು ಹಂಸ ಒಂದೇ ಕಾಲ ಬೆರಳ ತುದಿ ಮೇಲೆ ನಿಂತು ಇನ್ನೊಂದು ಕಾಲು ಬೀಸ್ತಾ 32 ಸಲ ಗಿರಗಿರ ತಿರುಗಬೇಕು. ಪ್ರಿನ್ಸಿಪಲ್ ಆಗೋ ವಾರ ಮುಂಚೆ ನ್ಯೂಯಾರ್ಕಿನಲ್ಲಿ ಆಕೆ ಮೊದಲ ಸಲ ಆ ಪಾತ್ರ ಮಾಡಿದ ದಿನ, ಲಾರೆನ್ ಆಂಡರ್ಸನ್ ಜೊತೆಗೆ ರೇವನ್ ವಿಲ್ಕಿನ್ಸನ್ ಅನ್ನೋ ವಯಸ್ಸಾದ ಡಾನ್ಸರ್ ಸ್ಟೇಜಿಗೆ ಬಂದು ಹೂ ಕೊಟ್ರು. ರೇವನ್ 1955ರಲ್ಲಿ ಒಂದು ದೊಡ್ಡ ಕಂಪನಿ ಸೇರಿದ ಕಪ್ಪು ಹುಡುಗಿ, ಅಮೆರಿಕದ ದಕ್ಷಿಣದ ಊರುಗಳಲ್ಲಿ ಬಣ್ಣದ ಕಾರಣಕ್ಕೇ ಕುಣಿಯೋಕಾಗದೆ ಕಡೆಗೆ ಹಾಲೆಂಡಿಗೆ ಹೋಗಿ ಕುಣಿದವರು. ಆ ಫೋಟೋ ಹಾಕಬೇಕಿತ್ತು ನೀವು.

ಬಣ್ಣದ ಮಾತು ಬಂತಲ್ಲ, ಒಂದು ಹೇಳಿಬಿಡ್ತೀನಿ. ಬ್ಯಾಲೆ ಶೂ ತಿಳಿ ಗುಲಾಬಿ ಬಣ್ಣದ್ದು, ಮಿಸ್ಟಿ ತನ್ನ ಮೈ ಬಣ್ಣಕ್ಕೆ ಹೊಂದೋ ಫೌಂಡೇಷನ್ ತಗೊಂಡು ಶೂಗೆ ಹಚ್ಚಿಕೊಳ್ತಿದ್ರು. ನಮ್ಮ ಸ್ಕೂಲ್ ಡೇಗಳಲ್ಲಿ ಕಪ್ಪಗಿರೋ ಮಗು ಮುಖಕ್ಕೆ ಬಿಳೀ ಪ್ಯಾನ್‌ಕೇಕ್ ಬಳಿದು ಸ್ಟೇಜಿಗೆ ಕಳಿಸ್ತಾರೆ, ಕತ್ತು ಒಂದು ಬಣ್ಣ ಮುಖ ಒಂದು ಬಣ್ಣ, ಆ ಮಗು ಕನ್ನಡಿ ನೋಡ್ಕೊಂಡಾಗ ಏನನ್ಕೊಳ್ಳುತ್ತೆ ಅಂತ ಯಾರೂ ಯೋಚಿಸಲ್ಲ. ಇದು ನಿಲ್ಲಬೇಕು.

ಈಗ ವಿಷಯಕ್ಕೆ ಬರ್ತೀನಿ. ಗುಂಪಿಗೆ ಸೇರಿದ ಹೊಸದರಲ್ಲೇ ಮಿಸ್ಟಿಗೆ ಸೊಂಟದ ಬೆನ್ನುಮೂಳೆಯಲ್ಲಿ ಬಿರುಕು ಬಂತು, ಹೆಚ್ಚುಕಮ್ಮಿ ಒಂದು ವರ್ಷ ಕುಣಿಯೋ ಹಾಗಿರಲಿಲ್ಲ. 2012ರಲ್ಲಿ ಫೈರ್‌ಬರ್ಡ್ ಅನ್ನೋ ಬ್ಯಾಲೆಯಲ್ಲಿ ಮುಖ್ಯ ಪಾತ್ರ ಸಿಕ್ತು, ವರ್ಷಗಟ್ಟಲೆ ಕಾದ ಪಾತ್ರ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾ ಹೌಸಲ್ಲಿ ನೋವಲ್ಲೂ ಹಲ್ಲುಕಚ್ಚಿಕೊಂಡು ಒಂದು ಶೋ ಮಾಡಿದ್ರು, ಆಮೇಲೆ ನೋಡಿದ್ರೆ ಎಡಗಾಲಿನ ಮೊಣಕಾಲ ಕೆಳಗಿನ ದೊಡ್ಡ ಮೂಳೆಯಲ್ಲಿ ಆರು ಬಿರುಕು. ಆಪರೇಷನ್ ಮಾಡಿ ಪ್ಲೇಟು ಸ್ಕ್ರೂ ಹಾಕಿದ್ರು. ತಿಂಗಳುಗಟ್ಟಲೆ ಮನೇಲಿ. ವಾಪಸ್ ಬಂದು ಪ್ರಿನ್ಸಿಪಲ್ ಆಗಿದ್ದು ಇದೆಲ್ಲ ಆದಮೇಲೆ ಅಂತ ನೆನಪಿಟ್ಕೊಳ್ಳಿ.

ಈ ಥರದ ಬಿರುಕು ಎಲ್ಲೋ ಬಿದ್ದು ಏಟು ತಿಂದು ಬರೋದಲ್ಲ. ದಿನಾ ಅದೇ ಜಾಗಕ್ಕೆ ಅದೇ ಪೆಟ್ಟು ಬೀಳ್ತಾ ಬೀಳ್ತಾ ಮೂಳೆ ತನ್ನನ್ನ ತಾನು ರಿಪೇರಿ ಮಾಡ್ಕೊಳ್ಳೋ ಮುಂಚೆ ಮತ್ತೆ ಪೆಟ್ಟು ಬೀಳುತ್ತೆ, ಆಗ ಕೂದಲೆಳೆಯಷ್ಟು ಸೀಳುತ್ತೆ. ಶುರುವಲ್ಲಿ ಎಕ್ಸ್‌ರೇಯಲ್ಲೂ ಎಷ್ಟೋ ಸಲ ಕಾಣಲ್ಲ, ಎಂಆರ್‌ಐ ಮಾಡಿಸಬೇಕು, ಅದಕ್ಕೆ ಇಲ್ಲಿ ಯಾವ ತಂದೆತಾಯಿ ದುಡ್ಡು ಹಾಕ್ತಾರೆ, ‘ಡಾನ್ಸ್ ಬಿಡ್ಸಿದ್ರಾಯ್ತು’ ಅಂತಾರೆ ಅಷ್ಟೇ. ಸರಿಯಾಗಿ ಊಟ ಮಾಡದ ಹುಡುಗೀರಿಗೆ, ಮುಟ್ಟು ನಿಂತುಹೋಗೋ ಅಷ್ಟು ಸಣ್ಣಗಾದವರಿಗೆ ಇದು ಬೇಗ ಬರುತ್ತೆ, ಅದಕ್ಕೇ ಡಾನ್ಸರ್ ಅಂದ್ರೆ ಕಡ್ಡಿ ಥರ ಇರಬೇಕು ಅನ್ನೋರ ಮಾತು ಕೇಳಿದ್ರೆ ನನಗೆ ರೇಗುತ್ತೆ. ಮೈ ತುಂಬಿದಾಗ ಮಿಸ್ಟಿಗೂ ಆ ಮಾತು ತಪ್ಪಿರಲಿಲ್ಲ.

ನೋಡಿ, ಬ್ಯಾಲೆ ಕಂಪನಿಗಳಲ್ಲಿ ಕುಣಿಯೋ ನೆಲ ಗಟ್ಟಿ ಸಿಮೆಂಟ್ ಅಲ್ಲ. ಕೆಳಗೆ ರೀಪರು ಅಡ್ಡಡ್ಡ ಜೋಡಿಸಿ ಅದರಡಿ ರಬ್ಬರ್ ಪ್ಯಾಡು ಕೊಟ್ಟು ಮೇಲೆ ಹಲಗೆ ಇಲ್ಲಾ ಪ್ಲೈವುಡ್ ಹಾಕಿರ್ತಾರೆ, ಕಾಲಿಟ್ರೆ ನೆಲ ಒಂಚೂರು ಜಗ್ಗುತ್ತೆ, ಪೆಟ್ಟಿನಲ್ಲಿ ಒಂದಷ್ಟು ನೆಲಾನೇ ನುಂಗ್ಕೊಳ್ಳುತ್ತೆ. ಅಂಥ ನೆಲ, ಕಾಲಿಗೆ ಶೂ, ಪಕ್ಕದಲ್ಲಿ ಫಿಸಿಯೋ, ಇಷ್ಟೆಲ್ಲ ಇದ್ದೂ ಆರು ಬಿರುಕು ಬಂತಲ್ಲ, ನಮ್ಮ ಮಕ್ಕಳ ಗತಿ ಏನು ಹೇಳಿ. ಬರಿಗಾಲು. ಗ್ರಾನೈಟ್ ನೆಲ, ಇಲ್ಲಾ ತಾರಸಿ ಸಿಮೆಂಟು, ಇಲ್ಲಾ ಕಲ್ಯಾಣ ಮಂಟಪದ ಊಟದ ಹಾಲು. ಅದರ ಮೇಲೆ ಅರೆಮಂಡಿ ಕೂತು, ಅಂದ್ರೆ ಮಂಡಿ ಅರ್ಧ ಮಡಿಸಿ, ಪಾದ ನೆಲಕ್ಕೆ ತಟ್ಟೋ ತಟ್ಟಡವು ಮೂರು ವೇಗದಲ್ಲಿ ತಟ್ಟಿ ತಟ್ಟಿ, ಭರತನಾಟ್ಯದ ಜೂನಿಯರ್ ಎಕ್ಸಾಮ್ ಹೊತ್ತಿಗೆ ‘ಮಿಸ್, ಮುಂಗಾಲು ನೋವು’ ಅಂತಾವೆ, ನಾನು ರೆಸ್ಟ್ ಮಾಡು ಅಂತೀನಿ, ಎಕ್ಸಾಮ್ ಹತ್ರ ಇದೆ ಅಂತ ಮನೇಲಿ ಬಿಡಲ್ಲ. ಸೀನಿಯರಿಗೆ ಬರೋ ಹೊತ್ತಿಗೆ ಅರ್ಧಕ್ಕರ್ಧ ಹುಡುಗೀರು ಇರಲ್ಲ. ಎಸ್ಸೆಸ್ಸೆಲ್ಸಿ ಅಂತ ಬಿಡ್ತಾರೆ ಅಂತ ಎಲ್ಲರೂ ಹೇಳೋದು, ನಿಜಾನೇ, ಆದ್ರೆ ಕಾಲು ನೋವಿಗೆ ಬಿಟ್ಟು ಎಸ್ಸೆಸ್ಸೆಲ್ಸಿ ಹೆಸರು ಹೇಳೋರೂ ಇದಾರೆ, ನನಗೆ ಗೊತ್ತು.

ಶಟಲ್ ಆಡೋಕೆ ಮರದ ಕೋರ್ಟ್ ಬೇಕು ಅಂದ್ರೆ ಈಗ ಯಾರೂ ಯಾಕೆ ಅಂತ ಕೇಳಲ್ಲ. ಓಡೋರಿಗೆ ಸಿಂಥೆಟಿಕ್ ಟ್ರ್ಯಾಕ್ ಬೇಕು ಅನ್ನೋದೂ ಒಪ್ಕೊಂಡಿದೀವಿ, ಒಳ್ಳೇದೇ ಆಯ್ತು. ಬರಿಗಾಲಲ್ಲಿ ನೆಲ ತಟ್ಟೋ ಮಕ್ಕಳಿಗೆ ಮಾತ್ರ ಯಾಕೆ ಕಲ್ಲು? ಡಾನ್ಸ್ ಅಂದ್ರೆ ಡ್ರೆಸ್ಸು, ಒಡವೆ, ರಂಗಪ್ರವೇಶದ ಊಟ ಅಂತ ಲಕ್ಷಗಟ್ಟಲೆ ಹಾಕೋ ಮನೆಗಳಿವೆ, ಆದ್ರೆ ಮಗು ವರ್ಷಾನುಗಟ್ಟಲೆ ಎಂಥ ನೆಲದ ಮೇಲೆ ಕುಣೀತು ಅಂತ ಬಗ್ಗಿ ನೋಡಿದವರನ್ನ ನಾನು ಕಂಡಿಲ್ಲ.

ಬ್ಯಾಲೆ ಎಲ್ಲಿ ಭರತನಾಟ್ಯ ಎಲ್ಲಿ, ವಿದೇಶದ ಉದಾಹರಣೆ ನಮಗ್ಯಾಕೆ ಅನ್ನೋರು ಇರ್ತಾರೆ. ಅವರಿಗೆ ಭರತನಾಟ್ಯದ ದೊಡ್ಡ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರನ್ನ ನೆನಪು ಮಾಡ್ತೀನಿ. ಅವರು ಮೊದಲು ಆಸೆಪಟ್ಟು ಕಲಿಯೋಕೆ ಹೊರಟಿದ್ದೇ ಬ್ಯಾಲೆ, ರಷ್ಯಾದ ಅನ್ನಾ ಪಾವ್ಲೋವಾ ಅವರ ಕುಣಿತ ನೋಡಿ. ಪಾವ್ಲೋವಾ ಅವರೇ ನಿನ್ನ ದೇಶದ ನೃತ್ಯ ಹುಡುಕು ಅಂತ ಈ ಕಡೆ ತಿರುಗಿಸಿದ್ದು, 1936ರಲ್ಲಿ ಚೆನ್ನೈನ ಅವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿತು. ನಮ್ಮ ಮಲ್ಲೇಶ್ವರಂನ ಮಾಯಾ ರಾವ್ ಅವರು ಕಥಕ್ ಕಲಿತವರು, ಕೊರಿಯೋಗ್ರಫಿ ಓದೋಕೆ 1960ರ ದಶಕದಲ್ಲಿ ಮಾಸ್ಕೋಗೇ ಹೋಗಿ ಬ್ಯಾಲೆಯವರ ಹತ್ರ ಕಲಿತು ಬಂದು ಇಲ್ಲಿ ಎಷ್ಟೋ ಜನರನ್ನ ತಯಾರು ಮಾಡಿದ್ರು. ಅವರು ಯಾರೂ ತಮ್ಮ ಕಲೆ ಬಿಡಲಿಲ್ಲ. ಒಳ್ಳೇದು ಎಲ್ಲಿದ್ರೆ ಅಲ್ಲಿಂದ ತಂದ್ರು ಅಷ್ಟೇ. ಮರದ ನೆಲ ಅಂತೂ ನಮಗೆ ಹೊಸದೇ ಅಲ್ಲ, ಕಂಪನಿ ನಾಟಕದ ಸ್ಟೇಜೆಲ್ಲ ಹಲಗೆಯದೇ ತಾನೆ.

ಇನ್ನೊಂದು ವಿಷಯ, ಡಾನ್ಸರ್‌ಗಿರೋ ವರ್ಷಗಳು ಕಡಿಮೆ. ಪ್ಯಾರಿಸ್ ಆಪೆರಾದ ಬ್ಯಾಲೆಯವರಿಗೆ 42ಕ್ಕೇ ನಿವೃತ್ತಿ. ಮಿಸ್ಟಿ 2019ರ ಡಿಸೆಂಬರ್ ಆದಮೇಲೆ ತಮ್ಮ ಕಂಪನಿ ಸ್ಟೇಜಿಗೆ ಬರಲೇ ಇಲ್ಲ, ಮಧ್ಯೆ ಕೊರೊನಾ, ಆಮೇಲೆ ಮಗ ಹುಟ್ಟಿದ, 2025ರ ಅಕ್ಟೋಬರ್ 22ಕ್ಕೆ ಕಡೇ ಸಲ ಕುಣಿದು ವಿದಾಯ ಹೇಳಿದಾಗ ಅವರಿಗೆ 43. ಇಷ್ಟೇ ಇರೋ ಆಯಸ್ಸಲ್ಲಿ ನಮ್ಮ ಹುಡುಗೀರು 14ಕ್ಕೇ ಕಾಲು ಕೆಡಿಸ್ಕೊಂಡು ಕೂತರೆ ಕಡೇ ಪರೀಕ್ಷೆ ವಿದ್ವತ್ ಯಾವಾಗ ಮಾಡೋದು, ಹೊರಗಿನ ಸ್ಟೇಜು ಯಾವಾಗ ನೋಡೋದು.

ನಾನು ಕೇಳ್ತಿರೋದು ದೊಡ್ಡ ಸಭಾಂಗಣ ಅಲ್ಲ. ಊರಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ, ಕಾರ್ಯಕ್ರಮಕ್ಕೆ ಅದು ಸಾಕು. ಬೇಕಾಗಿರೋದು ದಿನಾ ಪ್ರಾಕ್ಟೀಸ್ ಮಾಡೋಕೆ ಒಂದು ರೂಮು, ಮೂವತ್ತು ನಲವತ್ತು ಸೈಟಿನ ಅರ್ಧ ಇದ್ರೂ ಆಗುತ್ತೆ, ಸರ್ಕಾರಿ ಶಾಲೆಯ ಹಳೇ ಹಾಲ್ ಆದ್ರೂ ಆಗುತ್ತೆ. ಅದಕ್ಕೆ ಜಗ್ಗೋ ಮರದ ನೆಲ ಹಾಕಿಸಿ, ಸಂಜೆ ಹೊತ್ತು ಸರ್ಕಾರಿ ಶಾಲೆ ಮಕ್ಕಳಿಗೆ ಫ್ರೀ ಬಿಡಬೇಕು. ಬರೀ ಭರತನಾಟ್ಯದವರಿಗೆ ಅಲ್ಲ, ಮೂಡಲಪಾಯ ಯಕ್ಷಗಾನ ಕಲಿಯೋ ಹುಡುಗರಿಗೂ, ವೀರಗಾಸೆಯವರಿಗೂ, ಸಿನಿಮಾ ಹಾಡಿಗೆ ಕುಣಿಯೋ ಮಕ್ಕಳಿಗೂ, ಅವರ ಮೂಳೆಯೂ ಮೂಳೇನೇ. ಜಿಲ್ಲಾಡಳಿತ, ಮಹಾನಗರ ಪಾಲಿಕೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮೂವರೂ ಕೂತು ಮಾತಾಡಿದ್ರೆ ಆಗದೇ ಇರೋ ಕೆಲಸ ಏನಲ್ಲ. ಮರದ ಕೆಲಸ ಬಲ್ಲ ಆಚಾರ್ರು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಜನ ಇದಾರೆ, ಹೊರಗಿಂದ ಯಾರನ್ನೂ ಕರೆಸಬೇಕಾಗಿಲ್ಲ.

ಅಂಥ ಜಾಗ ಆದ್ರೆ ವಾರದಲ್ಲಿ ಎರಡು ಸಂಜೆ ಫೀಸಿಲ್ಲದೆ ಬಂದು ಹೇಳಿಕೊಡೋಕೆ ನಾನು ರೆಡಿ, ಜೊತೆಗೆ ಕಲಿತ ಗೆಳತಿಯರೂ ಬರ್ತೀವಿ ಅಂದಿದಾರೆ. ಮಕ್ಕಳ ತಂದೆತಾಯಂದಿರ ಸಹಿ ಹಾಕಿಸಿ ಮನವಿ ಬರೆದಿದೀವಿ, ಅದರ ಒಂದು ಕಾಪಿ ಈ ಪತ್ರದ ಜೊತೆ ಇಟ್ಟಿದೀನಿ. ನಿಮ್ಮ ವರದಿಗಾರರನ್ನ ಒಂದು ಸಂಜೆ ಕ್ಲಾಸಿಗೆ ಕಳಿಸಿ, ಚಪ್ಪಲಿ ಬಿಚ್ಚಿ ಆ ನೆಲದ ಮೇಲೆ ಹತ್ತು ನಿಮಿಷ ಮಕ್ಕಳ ಜೊತೆ ತಟ್ಟಡವು ಮಾಡಿ ನೋಡ್ಲಿ, ಆಮೇಲೆ ಬರೀಲಿ.

ಇಂತಿ,
ಒಬ್ಬ ನೃತ್ಯ ಶಿಕ್ಷಕಿ
ತುಮಕೂರು